ಅಪ್ಪಣೆಗೆ ಕಾದ ಬೊಗಸೆ

ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬರು ಬಂದು ನನ್ನನ್ನು ಕೇಳಿದರು. "ಅಜ್ಜಾರ, ಬಿಡುಗಡಿ ಬಿಡುಗಡಿ ಅಂತ ಹದಿನೈದು ದಿನದಿಂದ ಹೇಳಾಕತ್ತೀರಿ. ನಮ್ಮನ್ನ ಯಾರು ಕಟ್ಟಿ ಹಾಕ್ಯಾರ್ರೀ?" ಒಳ್ಳೆಯ ಪ್ರಶ್ನೆ. ರಾತ್ರಿಯೆಲ್ಲ ಅದನ್ನೇ ಮೆಲುಕು ಹಾಕಿದೆ. ಅವರ ಹೆಸರು ಹೇಳುವುದಿಲ್ಲ. ಆದರೆ ಎರಡನೆಯ ಕಂಬದ ಹತ್ತಿರ ಒಬ್ಬರು ಈಗ ತಲೆ ತಗ್ಗಿಸಿದ್ದರಿಂದ ನಿಮಗೆಲ್ಲ ಗೊತ್ತಾಗಿಹೋಯಿತು, ಅದಕ್ಕೆ ನಾನೇನು ಮಾಡಲಿ?

ಅವರ ಪ್ರಶ್ನೆಗೆ ಒಂದು ದೃಷ್ಟಾಂತ ಹೇಳುತ್ತೇನೆ. ಕೇಳಿ.

ಒಂದು ನಾಡಿನಲ್ಲಿ ಒಬ್ಬ ಕಲ್ಲುಕುಟಿಗ ಇದ್ದ. ಕಥೆ ಎಂದರೆ ಶ್ರೀಮಂತನಿಂದಲೇ ಶುರುವಾಗಬೇಕು ಎಂದು ಮುಂದಿನ ಸಾಲಿನವರು ಮುಖ ನೋಡುತ್ತಿದ್ದಾರೆ. ಅವಸರ ಬೇಡ, ಶ್ರೀಮಂತನೂ ಬರುತ್ತಾನೆ. ಈ ಕಲ್ಲುಕುಟಿಗನಿಗೆ ಒಂದು ಹೆಸರು ಇಟ್ಟುಕೊಳ್ಳೋಣ. ಯಾಕೆಂದರೆ ಅವನಿಂದ ಎಲ್ಲವನ್ನೂ ಕಿತ್ತುಕೊಂಡರು, ನಾವಾದರೂ ಹೆಸರು ಕೊಡೋಣ. ಗಾಳೆಪ್ಪ ಎನ್ನಿ.

ಗಾಳೆಪ್ಪ ಬೀಸುವ ಕಲ್ಲು, ಒರಳು, ಬಾಗಿಲ ಹೊಸ್ತಿಲು ಮಾಡಿಕೊಂಡು ಹೆಂಡತಿಯ ಜೊತೆ ಸುಖವಾಗಿದ್ದವನು. ಹೊಳೆಯ ಆಚೆಯ ರಾಜ ದಂಡೆತ್ತಿ ಬಂದ. ಊರು ಸುಟ್ಟ, ಗಂಡಸರನ್ನು ಹಗ್ಗಕ್ಕೆ ಕಟ್ಟಿ ಹೊಡೆದುಕೊಂಡು ಹೋದ. ಯಾಕೆ? ಅವನಿಗೊಂದು ಕೋಟೆ ಬೇಕಿತ್ತು. ಕೋಟೆಗೆ ಕಲ್ಲು ಬೇಕು, ಕಲ್ಲಿಗೆ ಕೈ ಬೇಕು. ಹೊಳೆಯಿಂದ ನಲವತ್ತು ದಿನದ ದಾರಿ, ಮರವಿಲ್ಲದ ಬಯಲು. ಅಲ್ಲಿ ಹನ್ನೆರಡು ಕಲ್ಲುಗಣಿ. ಒಂದು ಗಣಿಯಲ್ಲಿ ಗಾಳೆಪ್ಪ. ಒಂದು ಗುಹೆಯಲ್ಲಿ ಇಬ್ಬರು ಸೆರೆಯಾಳು, ಗುಹೆಯ ಬಾಯಿಗೆ ಕಬ್ಬಿಣದ ಬಾಗಿಲು. ಹೀಗೆ ಎಂಟು ವರ್ಷ.

ಗುಹೆಯಲ್ಲಿ ಅವನ ಜೊತೆಗಾರ ಯಾರು ಗೊತ್ತೇ? ಇಗೋ ಬಂದ ನಿಮ್ಮ ಶ್ರೀಮಂತ. ಗಾಳೆಪ್ಪನ ಪಕ್ಕದೂರಿನ ಸಾಹುಕಾರ. ಒಂದು ಕಾಲಕ್ಕೆ ಅವನ ಮನೆಯಲ್ಲಿ ನಲವತ್ತು ಆಳು. ಚಪ್ಪಲಿ ಬಿಡಲು ಒಬ್ಬ, ಇಡಲು ಒಬ್ಬ. ಈಗ ಗಾಳೆಪ್ಪನ ಪಕ್ಕದಲ್ಲೇ ಕಲ್ಲುಪುಡಿಯ ಮೇಲೆ ಮಲಗುತ್ತಿದ್ದ. ಮೊದಲ ವರ್ಷ ಗೊಣಗಿದ, ಎರಡನೆಯ ವರ್ಷ ಅತ್ತ, ಮೂರನೆಯ ವರ್ಷ ಗಾಳೆಪ್ಪನ ಕಾಲಿನ ಮುಳ್ಳು ತೆಗೆದ. ಸೆರೆಮನೆಯಲ್ಲಿ ಜಾತಿ ಅಂತಸ್ತು ಬೇಗ ಕರಗುತ್ತವೆ. ನಮ್ಮಲ್ಲಿ ಕರಗಲು ಇನ್ನೂ ತಡ ಇದೆ, ಅದು ಬೇರೆ ಮಾತು.

ಈಗ ಗಮನ ಇಟ್ಟು ಕೇಳಿ, ಕಥೆಯ ಗಂಟು ಇಲ್ಲಿದೆ. ಆ ಗಣಿಗಳಲ್ಲಿ ಸೆರೆಯಾಳುಗಳ ಕಾಲಿಗೆ ಸರಪಳಿ ಇರಲಿಲ್ಲ. ಆಶ್ಚರ್ಯವೇ? ಸರಪಳಿಯ ಬದಲು ಒಂದು ಪದ್ಧತಿ ಇತ್ತು. ದಿನಕ್ಕೆ ಎರಡು ಸಲ ನೀರು. ಎಲ್ಲರೂ ಸಾಲಾಗಿ ನಿಲ್ಲಬೇಕು, ಬೊಗಸೆ ಒಡ್ಡಬೇಕು. ನೀರು ಹಾಕುತ್ತಾರೆ. ಆದರೆ ಕುಡಿಯುವಂತಿಲ್ಲ. ಬೊಗಸೆಯಲ್ಲಿ ನೀರು ಹಿಡಿದು ಜಮಾದಾರನ ಮುಖ ನೋಡುತ್ತಾ ನಿಲ್ಲಬೇಕು. ಅವನು "ಹೂಂ" ಎನ್ನಬೇಕು. ಆಮೇಲೆ ಕುಡಿಯಬೇಕು. ಕೆಲವು ದಿನ ಕೂಡಲೇ ಎನ್ನುತ್ತಿದ್ದ. ಕೆಲವು ದಿನ ಎಲೆ ಅಡಿಕೆ ಜಗಿದು, ಉಗುಳಿ, ಮೀಸೆ ಒರೆಸಿಕೊಂಡು ಎನ್ನುತ್ತಿದ್ದ. ಅಷ್ಟರಲ್ಲಿ ಅರ್ಧ ನೀರು ಬೆರಳ ಸಂದಿಯಿಂದ ಸೋರಿ ಮಣ್ಣಿಗೆ ಹೋಗಿರುತ್ತಿತ್ತು. ಹೂಂ ಎನ್ನುವ ಮುಂಚೆ ಕುಡಿದವನಿಗೆ ಎರಡು ದಿನ ನೀರಿಲ್ಲ. ಆ ಬಿಸಿಲಿನಲ್ಲಿ ಎರಡು ದಿನ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಹೊಸ ಕಾವಲುಗಾರನೊಬ್ಬ ಜಮಾದಾರನನ್ನು ಕೇಳಿದನಂತೆ, "ಇವರಿಗೆ ಬೇಡಿ ಹಾಕೂದಿಲ್ಲೇನ್ರಿ?" ಜಮಾದಾರ ನಕ್ಕ. "ಬೇಡಿಗೆ ತುಕ್ಕು ಹಿಡೀತದ. ಇದಕ್ಕ ಹಿಡಿಯಂಗಿಲ್ಲ," ಎಂದ. ಇದು ಗಾಳೆಪ್ಪನ ಕಿವಿಗೂ ಬಿತ್ತು. ಆದರೆ ಅರ್ಥ ಆಗಲಿಲ್ಲ. ನಮಗೆ ಹೇಳಿದ್ದು ನಮಗೆ ಅರ್ಥವಾಗಲು ಕಾಲ ಬೇಕು.

ಗಾಳೆಪ್ಪನಿಗೆ ಒಂದೇ ಆಸೆ. ಹೊಳೆ ದಾಟಬೇಕು, ತನ್ನ ಮನೆಯ ಹೊಸ್ತಿಲು ತುಳಿಯಬೇಕು. ಆ ಹೊಸ್ತಿಲು ಅವನೇ ಕಡೆದದ್ದು. ಒಂದು ದಿನ ಅವನು ಗುಹೆಯ ಹಿಂದಿನ ಬಂಡೆಗೆ ಗೆಣ್ಣಿನಿಂದ ಕುಟ್ಟಿ ಕಿವಿ ಇಟ್ಟ. ಕಲ್ಲುಕುಟಿಗನ ಕಿವಿ. ಬಂಡೆ ಒಂದು ಮೊಳ ದಪ್ಪ, ಅದರಾಚೆ ಖಾಲಿ ಎಂದು ಅವನಿಗೆ ತಿಳಿಯಿತು. ಸಾಹುಕಾರನನ್ನು ಎಬ್ಬಿಸಿದ. "ಸಾವ್ಕಾರ್ರ, ಇದರಾಚೆ ಕೊಳ್ಳ ಐತ್ರಿ. ಗಾಳಿ ಆಡೂದು ಕೇಳಾಕತ್ತೈತಿ."

"ಅದಕ್ಕೇನ್ ಮಾಡೂನು? ಹಲ್ಲಿಲೆ ಕಡಿಯೂನೇನು?"

"ನೀರು ಕುಡಸೂನ್ರಿ."

ಸಾಹುಕಾರ ಇವನಿಗೆ ಬಿಸಿಲು ತಲೆಗೆ ಏರಿತು ಎಂದುಕೊಂಡ. ಆದರೆ ಕಲ್ಲಿನ ಕೆಲಸ ಬಲ್ಲವರು ಇಲ್ಲಿ ನಾಲ್ಕು ಜನ ಇದ್ದೀರಿ, ನಿಮಗೆ ತಿಳಿಯಿತು. ದೊಡ್ಡ ಬಂಡೆಯನ್ನು ಸುತ್ತಿಗೆಯಿಂದ ಬಡಿದು ಸೀಳುವುದಿಲ್ಲ. ಸಾಲಾಗಿ ಕುಳಿ ತೋಡುತ್ತಾರೆ, ಕುಳಿಗೆ ಒಣಗಿದ ಕಟ್ಟಿಗೆಯ ಬೆಣೆ ಬಿಗಿಯುತ್ತಾರೆ, ಬೆಣೆಗೆ ನೀರು ಹಾಕುತ್ತಾರೆ. ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ. ಬಂಡೆ ತಾನಾಗಿ ಬಿರಿಯುತ್ತದೆ. ಗಾಳೆಪ್ಪನ ಅಪ್ಪ ಹೇಳುತ್ತಿದ್ದನಂತೆ, ಕಲ್ಲಿನ ಮೇಲೆ ಸಿಟ್ಟು ಮಾಡಬೇಡ, ಅದಕ್ಕೂ ಬಾಯಾರಿಕೆ ಇದೆ ಎಂದು.

ಮುರಿದ ಉಳಿಯ ಮೊನೆಯನ್ನು ರುಮಾಲಿನಲ್ಲಿ ಬಚ್ಚಿಟ್ಟು ತಂದು ಏಳು ತಿಂಗಳಲ್ಲಿ ಏಳು ಕುಳಿ ತೋಡಿದ. ಸುತ್ತಿಗೆಯ ಮುರಿದ ಹಿಡಿಗಳನ್ನು ಕೆತ್ತಿ ಬೆಣೆ ಮಾಡಿದ. ಎಲ್ಲಾ ಆಯಿತು. ನೀರು ಎಲ್ಲಿಂದ ಬರಬೇಕು? ಪಾತ್ರೆ ಇಲ್ಲ, ತಂಬಿಗೆ ಇಲ್ಲ. ಇದ್ದದ್ದು ಒಂದು ಬೊಗಸೆ ನೀರು, ಅದೂ ಜಮಾದಾರನ ಕಣ್ಣೆದುರು ಕುಡಿಯಬೇಕಾದ ನೀರು.

ನೋಡಿ, ಏನು ಮಾಡಿದ. ಬಾಯಲ್ಲಿ ತಂದ. ಜಮಾದಾರ ಹೂಂ ಎಂದ ಕೂಡಲೇ ನೀರು ಬಾಯಿಗೆ ಸುರಿದುಕೊಂಡು, ನುಂಗಿದವನ ಹಾಗೆ ಗಂಟಲು ಆಡಿಸಿ, ಗುಹೆಯವರೆಗೆ ತುಟಿ ಬಿಗಿದು ನಡೆದು ಬಂದು ಬೆಣೆಯ ಮೇಲೆ ಉಗುಳಿದ. ಗಂಟಲು ಬೆಂಕಿಯಾಗಿದೆ, ಬಾಯ ತುಂಬ ನೀರಿದೆ, ನುಂಗುವಂತಿಲ್ಲ. ನಾವು ಏಕಾದಶಿಯ ದಿನ ಫಲಾಹಾರ ಎಂದು ಮೂರು ತಟ್ಟೆ ಅವಲಕ್ಕಿ ತಿನ್ನುವವರು. ಅವನ ಉಪವಾಸ ಬೇರೆಯೇ.

ಒಂದು ಬಾಯಿ ನೀರು ಸಾಲಲಿಲ್ಲ. ಮಧ್ಯಾಹ್ನದ ಝಳಕ್ಕೆ ಬೆಣೆ ಮತ್ತೆ ಒಣಗುತ್ತಿತ್ತು. ಹತ್ತು ದಿನ ನೋಡಿದ ಸಾಹುಕಾರ ಹನ್ನೊಂದನೆಯ ದಿನ ತಾನೂ ಬಾಯಿ ಬಿಗಿದುಕೊಂಡು ಬಂದ. ನಲವತ್ತು ಆಳಿನ ಯಜಮಾನ, ಬಾಯಲ್ಲಿ ನೀರು ಹೊತ್ತು ತಂದ. ಇಬ್ಬರೂ ಬೆಳಗಿನ ನೀರು ಕುಡಿಯುವುದು, ಸಂಜೆಯ ನೀರು ಕಲ್ಲಿಗೆ. ತಮ್ಮ ಅಂಗಿಯ ಚೂರು ಹರಿದು ಒದ್ದೆ ಮಾಡಿ ಬೆಣೆಗೆ ಸುತ್ತಿದರು.

ಇಪ್ಪತ್ತೊಂದು ದಿನ ಕಳೆಯಿತು. ಯುಗಾದಿ ಬಂತು. ಹಬ್ಬಕ್ಕೆ ಕೆಲಸವಿಲ್ಲ, ಸೆರೆಯಾಳುಗಳು ಹಗಲಲ್ಲೂ ಗುಹೆಯಲ್ಲೇ. ಕಾವಲುಗಾರರಿಗೆ ಹೋಳಿಗೆ. ನಿಮಗೆ ಗೊತ್ತು, ಹೋಳಿಗೆ ಊಟದ ಮುಂದೆ ಯಾವ ಶಿಸ್ತೂ ನಿಲ್ಲುವುದಿಲ್ಲ. ಜಮಾದಾರ ಆರು ಹೋಳಿಗೆ ತಿಂದು, ತುಪ್ಪ ಕುಡಿದು, ಪಾಗೋಟೆ ಮುಖಕ್ಕೆ ಮುಚ್ಚಿಕೊಂಡು ಗೊರಕೆ ಹೊಡೆದ. ಮಟಮಟ ಮಧ್ಯಾಹ್ನ. ಒಳಗೆ ಟಕ್ ಎಂದು ಒಂದು ಸಣ್ಣ ಸದ್ದು. ಬಂಡೆಯಲ್ಲಿ ಕೂದಲೆಳೆಯಷ್ಟು ಗೆರೆ. ಗೆರೆ ಏಳೂ ಕುಳಿಗಳನ್ನು ದಾಟಿ ಕೆಳಗಿಳಿಯಿತು. ಗಾಳೆಪ್ಪ ಹೆಗಲು ಕೊಟ್ಟ, ಸಾಹುಕಾರ ಬೆನ್ನು ಕೊಟ್ಟ. ಕಲ್ಲು ಆಚೆ ಬಿತ್ತು. ಎಂಟು ವರ್ಷದ ಮೇಲೆ ಗಾಳಿ ಎದುರಿನಿಂದ ಬಂದು ಮುಖಕ್ಕೆ ಬಡಿಯಿತು. ಗಾಳೆಪ್ಪನಿಗೆ ಅಳು ಬಂತು, ಆದರೆ ಅಳಲು ಪುರುಸೊತ್ತಿರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು ಎಂದು ಯಾರೋ ಹಿಂದೆ ಚಪ್ಪಲಿ ಹುಡುಕುತ್ತಿದ್ದಾರೆ. ಕೂತುಕೊಳ್ಳಿ. ಕಥೆ ಈಗ ಶುರುವಾಯಿತು.

ನಡೆದರು. ಊರುಗಳನ್ನು ಬಳಸಿ ನಡೆದರು, ದಾರಿ ಬಿಟ್ಟು ಒಣಗಿದ ಹಳ್ಳದ ಗುಂಟ ನಡೆದರು. ಕೊಯ್ಲು ಮುಗಿದ ಹೊಲದಲ್ಲಿ ಎರಡು ಬೆದರುಬೊಂಬೆ ನಿಂತಿದ್ದವು. ಅವುಗಳ ಅಂಗಿ ಬಿಚ್ಚಿ ಇವರು ತೊಟ್ಟರು, ಸೆರೆಯ ಗೋಣಿಬಟ್ಟೆ ಅವಕ್ಕೆ ತೊಡಿಸಿದರು. ಸಾಹುಕಾರ ಬೊಂಬೆಗೆ ಕೈಮುಗಿದು, "ನನ್ನ ಗಂಜಿ ಹಾಕಿದ ಧೋತರಕ್ಕಿಂತ ಇದ ಚಲೋ ಐತಿ," ಎಂದ. ಕಾರೆಹಣ್ಣು, ಕವಳಿಹಣ್ಣು, ಹುಣಸೆ ಚಿಗುರು ತಿಂದರು. ಪಾಪಾಸುಕಳ್ಳಿಯ ಹಣ್ಣಿನ ಮುಳ್ಳು ನಾಲಿಗೆಗೆ ಚುಚ್ಚಿ ಒಂದು ಹಗಲು ಮಾತೇ ಇಲ್ಲದೆ ನಡೆದರು.

ಮೂರನೆಯ ದಿನ ಒಂದು ಗುಡ್ಡದ ಮೇಲೆ ಬಂಡೆಯ ದೊಣೆಯಲ್ಲಿ ನೀರು ಸಿಕ್ಕಿತು. ತಿಳಿಯಾದ ನೀರು, ಆಕಾಶ ಕಾಣುವ ನೀರು. ಇಬ್ಬರೂ ಓಡಿಹೋಗಿ ಮೊಣಕಾಲೂರಿದರು, ಬೊಗಸೆ ತುಂಬಿದರು. ತುಂಬಿ?

ತುಂಬಿ, ಸುಮ್ಮನೆ ಕುಳಿತರು.

ಕೈ ಬಾಯಿಗೆ ಏಳುತ್ತಿಲ್ಲ. ಕಣ್ಣು ಮೇಲೆತ್ತಿ ಯಾರನ್ನೋ ಹುಡುಕುತ್ತಿದೆ. ಸುತ್ತ ಹತ್ತು ಹರದಾರಿ ಒಂದು ನರಪಿಳ್ಳೆ ಇಲ್ಲ. ಗಂಟಲು ಒಣಗಿದೆ, ನೀರು ಕೈಯಲ್ಲಿದೆ, ನೀರು ಸೋರುತ್ತಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಗು ಬಂತು. ಆಮೇಲೆ ಸಾಹುಕಾರನ ಕಣ್ಣಲ್ಲಿ ನೀರು ಬಂತು.

"ಗಾಳೆಪ್ಪ, ನೀನರ ಹೂಂ ಅನ್ನೋ."

"ಹೂಂ," ಎಂದ ಗಾಳೆಪ್ಪ. ಸಾಹುಕಾರ ಕುಡಿದ. ಆಮೇಲೆ ಸಾಹುಕಾರ ಹೂಂ ಎಂದ, ಗಾಳೆಪ್ಪ ಕುಡಿದ.

ಅಲ್ಲಿಂದ ಅದೇ ಪದ್ಧತಿಯಾಯಿತು. ಎಲ್ಲಿ ನೀರು ಸಿಕ್ಕರೂ ಇವನಿಗೆ ಅವನು ಹೂಂ ಎನ್ನಬೇಕು, ಅವನಿಗೆ ಇವನು ಎನ್ನಬೇಕು. ಸುಲಭವಾಯಿತು, ಹಾಗೇ ಬಿಟ್ಟರು. ತಪ್ಪಾದದ್ದು ಅಲ್ಲೇ. ಜಮಾದಾರನನ್ನು ಗಣಿಯಲ್ಲಿ ಬಿಟ್ಟು ಬಂದಿದ್ದೇವೆ ಎಂದುಕೊಂಡಿದ್ದರು. ಅವನನ್ನು ಸರದಿಯ ಮೇಲೆ ಹೊತ್ತುಕೊಂಡು ನಡೆಯುತ್ತಿದ್ದರು, ಒಂದು ದಿನವಲ್ಲ, ಮೂವತ್ತೇಳು ದಿನ.

ನಲವತ್ತನೆಯ ದಿನ ಗುಡ್ಡದ ನೆತ್ತಿಗೆ ಬಂದರು. ಕೆಳಗೆ ಹೊಳೆ. ಹೊಳೆಯಾಚೆ ಅವರ ನಾಡು, ಹಸಿರು ಕಾಣುತ್ತಿತ್ತು. ಹೊಳೆಯ ಎರಡೂ ಕಡೆ ಕಡಿದಾದ ದಡ, ಮಡುವಿನಲ್ಲಿ ಮೊಸಳೆ. ಇಳಿಯಲು ಒಂದೇ ಘಟ್ಟ, ದಾಟಲು ಒಂದೇ ದೋಣಿ. ದೋಣಿಯ ಮುಂದೆ ತೆಂಗಿನ ಗರಿಯ ಚಪ್ಪರ, ಚಪ್ಪರದಡಿ ಒಂದು ಅರವಟ್ಟಿಗೆ. ಹಣ್ಣು ಹಣ್ಣು ಮುದುಕಿ ಒಬ್ಬಳು ಬಂದವರಿಗೆಲ್ಲ ಬೆಲ್ಲದ ಚೂರು ಕೊಟ್ಟು, ಬೊಗಸೆಗೆ ನೀರು ಹಾಕುತ್ತಿದ್ದಳು. ಜನ ಕುಡಿದು ರಾಜನಿಗೆ ಪುಣ್ಯ ಬರಲಿ ಎಂದು ಹರಸಿ ದೋಣಿ ಹತ್ತುತ್ತಿದ್ದರು. ನೀರು ಕುಡಿಯದೆ ದೋಣಿ ಹತ್ತಬಾರದು ಎಂದು ರಾಜನ ಕಟ್ಟಳೆ. ಎಂಥ ಧರ್ಮಾತ್ಮ ರಾಜ ನೋಡಿ.

ಚಪ್ಪರದ ನೆರಳಿನಲ್ಲಿ ಒಬ್ಬ ದಫೇದಾರ, ನಾಲ್ಕು ಜನ ಸಿಪಾಯಿಗಳು. ಅವರು ಯಾರನ್ನೂ ತಡೆಯುತ್ತಿಲ್ಲ, ಏನೂ ಕೇಳುತ್ತಿಲ್ಲ. ಸುಮ್ಮನೆ ಕುಳಿತಿದ್ದಾರೆ.

ಗಾಳೆಪ್ಪ ಮತ್ತು ಸಾಹುಕಾರ ಪೊದೆಯ ಹಿಂದೆ ಮಲಗಿ ನೋಡುತ್ತಿದ್ದರು. ಸಾಲಿನಲ್ಲಿ ಒಬ್ಬ ನಿಂತಿದ್ದ, ಒಳ್ಳೆಯ ಬಟ್ಟೆ, ತಲೆಗೆ ರುಮಾಲು, ಯಾವ ವ್ಯಾಪಾರಿಯೋ ಎನ್ನಬೇಕು. ಮುದುಕಿ ನೀರು ಹಾಕಿದಳು. ಅವನು ಬೊಗಸೆ ಹಿಡಿದು ನಿಂತ. ಕುಡಿಯಲಿಲ್ಲ. ಮುಖ ಮೇಲೆತ್ತಿದ. ಅಷ್ಟೇ. ದಫೇದಾರ ಒಂದು ಬೆರಳು ಎತ್ತಿದ, ನಾಲ್ವರೂ ಅವನ ಮೇಲೆ ಬಿದ್ದರು. ಯಾವ ಗಣಿಯವನೋ, ಎಷ್ಟು ದಿನ ನಡೆದು ಬಂದವನೋ. ಹೊಳೆಗೆ ಹತ್ತು ಮಾರು ಇತ್ತು.

ಈಗ ಗಾಳೆಪ್ಪನಿಗೆ ಜಮಾದಾರನ ಮಾತು ತಿಳಿಯಿತು. ಹನ್ನೆರಡು ಗಣಿಗೂ ಇದ್ದ ಬೀಗ ಇದೇ. ಓಡಿಹೋದವರನ್ನು ಅಟ್ಟಿಸಿಕೊಂಡು ಹೋಗುವ ಕುದುರೆ ಬೇಕಿಲ್ಲ, ನಾಯಿ ಬೇಕಿಲ್ಲ. ನೀರು ಇಟ್ಟುಕೊಂಡು ಕುಳಿತರೆ ಸಾಕು.

ಅವತ್ತು ದಾಟಲಿಲ್ಲ. ಗುಡ್ಡದ ಹಿಂದಿನ ಒರತೆಯ ಹತ್ತಿರ ಕುಳಿತು ಕುಡಿಯುವುದನ್ನು ಕಲಿತರು. ನಗಬೇಡಿ. ನಲವತ್ತೈದು ವರ್ಷದ ಗಂಡಸರು ನೀರು ಕುಡಿಯುವುದನ್ನು ಕಲಿತರು. ಸಾಹುಕಾರನಿಗೆ ಬೇಗ ಬಂತು. ಕಣ್ಣು ಮುಚ್ಚಿ ತನ್ನ ಮನೆಯ ಪಡಸಾಲೆ ನೆನೆಸಿಕೊಂಡು ಗಟಗಟನೆ ಕುಡಿದ. ಗಾಳೆಪ್ಪನಿಗೆ ಬರಲಿಲ್ಲ. ಬೊಗಸೆ ಎದೆಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಹೂಂ ಎಂದು ತನಗೆ ತಾನೇ ಹೇಳಿಕೊಂಡು ನೋಡಿದ, ಆಗಲಿಲ್ಲ. ಕೈಗೆ ಬೈದ, ಕೈಯನ್ನು ಕಚ್ಚಿದ.

"ಬಂಡಿ ಸೀಳಿದಂವ ನೀನು. ಒಂದು ಬೊಗಸಿ ನೀರು ಕುಡಿಯಾಕ ಆಗವಲ್ದೇನೋ?" ಎಂದು ಸಾಹುಕಾರ ರೇಗಿದ.

"ಕುಡಿಯದ ಇರೂದು ಕಲಿತೀನ್ರಿ. ಕುಡಿಯೂದು ಮರತೀನಿ. ನೀವು ಹೋಗ್ರಿ. ದಾಟಿದ್ರ ನನ್ನ ಫಕೀರವ್ವಗ ಹೇಳ್ರಿ, ಹೊಳಿತನಕ ಬಂದಿದ್ದ ಅಂತ."

"ನಾ ಯಾರಿಗೂ ಏನೂ ಹೇಳಂಗಿಲ್ಲ. ನೀನ ಬಂದು ಹೇಳು," ಎಂದ ಸಾಹುಕಾರ.

ಮರುದಿನ ಮಧ್ಯಾಹ್ನ ಇಳಿದರು. ಜೊತೆಯಾಗಿ ಹೋಗುವಂತಿಲ್ಲ, ಒಬ್ಬರಿಗೊಬ್ಬರು ಹೂಂ ಎಂದರೆ ಇಬ್ಬರೂ ಸಿಕ್ಕಿಬೀಳುತ್ತಾರೆ. ಸಾಹುಕಾರ ಮುಂದೆ ಹೋದ. ಬೆಲ್ಲ ತಿಂದ, ಕಣ್ಣು ಮುಚ್ಚಿದ, ಕುಡಿದ, ದೋಣಿ ಹತ್ತಿ ಕುಳಿತ. ಕುಳಿತು ಹಿಂದಿರುಗಿ ನೋಡಿದ.

ಗಾಳೆಪ್ಪನ ಸರದಿ. ಮುದುಕಿ ಕೈಗೆ ಬೆಲ್ಲ ಇಟ್ಟಳು. ಹಿಂದಿನವರು ಅವಳನ್ನು ಅಡಿವೆವ್ವ ಎಂದು ಕರೆದದ್ದು ಕೇಳಿತ್ತು. ಬೊಗಸೆ ಒಡ್ಡಿದ. ನೀರು ಬಿತ್ತು, ತಣ್ಣಗಿನ ನೀರು. ತುಂಬಿತು. ಕೈ ಎದೆಯ ಮಟ್ಟಕ್ಕೆ ಬಂತು. ನಿಂತಿತು.

ಆರು ಹೆಜ್ಜೆ ಆಚೆ ದಫೇದಾರ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. ಗಾಳೆಪ್ಪನಿಗೆ ಅದು ನೋಡದೆಯೇ ಗೊತ್ತಾಯಿತು. ಎಂಟು ವರ್ಷ ಆ ಸದ್ದು ನಿಲ್ಲುವುದನ್ನೇ ಕಾದವನಲ್ಲವೇ? ಕಣ್ಣು ತಾನಾಗಿ ಮೇಲೇಳಲು ಹೊರಟಿತು. ದೋಣಿಯಲ್ಲಿ ಸಾಹುಕಾರ ತನ್ನ ಬಾಯಿಗೆ ತಾನೇ ಕೈ ಮುಚ್ಚಿಕೊಂಡ, ಹೂಂ ಎಂದುಬಿಡುತ್ತೇನೋ ಎಂಬ ಹೆದರಿಕೆಗೆ.

ಆಗ ಮುದುಕಿ ಬೇಸರದಿಂದ ಅಂದಳು, "ಯಪ್ಪಾ, ಕೈ ತುಂಬೇತಿ, ನೀರು ಚೆಲ್ಲಾಕತ್ತೇತಿ. ಹೊಳಿ ನೀರು ರಾಡಿ ಅಂತ ಎರಡು ಹರದಾರಿಯಿಂದ ಹೊತ್ತು ತಂದೀನಿ ಇದನ್ನ."

ಗಾಳೆಪ್ಪನ ಕಣ್ಣು ದಫೇದಾರನ ಕಡೆ ಹೋಗಬೇಕಾದದ್ದು ಅವಳ ಕಡೆ ಹೋಯಿತು. ತಲೆಯ ಮೇಲೆ ಸಿಂಬಿ ಇಟ್ಟು ಇಟ್ಟು ನಡುನೆತ್ತಿಯ ಕೂದಲು ಉದುರಿಹೋಗಿತ್ತು. ಕುತ್ತಿಗೆ ಒಂದು ಕಡೆ ವಾಲಿತ್ತು. ಇವಳು ಹೊತ್ತಿದ್ದಾಳೆ. ಇವಳು ತಂದಿದ್ದಾಳೆ. ಇವಳು ತನ್ನ ಕೈಯಾರೆ ಕೊಟ್ಟಿದ್ದಾಳೆ. ನೆರಳಲ್ಲಿ ಕುಳಿತ ಇವನು ಒಂದು ಕೊಡ ಹೊತ್ತವನಲ್ಲ, ಒಂದು ಬಾವಿ ತೋಡಿದವನಲ್ಲ. ಗಣಿಯ ಜಮಾದಾರನೂ ಅಷ್ಟೇ. ನೀರು ಅವನದಾಗಿರಲಿಲ್ಲ, ಯಾವತ್ತೂ ಆಗಿರಲಿಲ್ಲ. ಕೊಟ್ಟವಳು ಕೊಟ್ಟಾಯಿತು. ಇನ್ನು ಯಾರನ್ನು ಕೇಳಬೇಕು?

ಕುಡಿದ. ಬೊಗಸೆ ಬಾಯಿಗೆ ತಗುಲಿದ್ದು ಅವನಿಗೇ ಗೊತ್ತಾಗಲಿಲ್ಲ. ಕುಡಿದು, ಕೈ ಮತ್ತೆ ಚಾಚಿ, "ಇನ್ನಷ್ಟು ಹಾಕಬೇ," ಎಂದ. ಎರಡನೆಯ ಬೊಗಸೆ ಕುಡಿದ. ಮೂರನೆಯದು ಕುಡಿದ, ಅರ್ಧ ಗಂಟಲಿಗೆ, ಅರ್ಧ ಎದೆಯ ಮೇಲೆ. ನಾಲ್ಕನೆಯದಕ್ಕೆ ದೊಡ್ಡದಾಗಿ ತೇಗಿದ. ಸಾಲಿನಲ್ಲಿದ್ದವರು ನಕ್ಕರು. "ಮಾರಾಯ, ಹೊಳಿ ಮುಂದ ಐತಿ, ಅದನ್ನರ ಬಿಡು," ಎಂದ ಒಬ್ಬ. ದಫೇದಾರ ಉಗುಳಿ, ಮತ್ತೆ ಜಗಿಯತೊಡಗಿದ. ತಪ್ಪಿಸಿಕೊಂಡು ಬಂದವನು ಇನ್ನಷ್ಟು ಕೇಳಿದ್ದನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

ಗಾಳೆಪ್ಪ ಬಗ್ಗಿ ಮುದುಕಿಯ ಪಾದ ಮುಟ್ಟಿದ, ದೋಣಿ ಹತ್ತಿದ. ಹುಟ್ಟು ಬಿತ್ತು, ದಡ ಹಿಂದಾಯಿತು. ಆಚೆ ದಡ ಸಿಕ್ಕ ಕೂಡಲೇ ಸಾಹುಕಾರ ಉಸುಕಿನಲ್ಲಿ ಮಗುವಿನ ಹಾಗೆ ಉರುಳಾಡಿದ. ಗಾಳೆಪ್ಪ ಓಡಿದ. ಸುಮ್ಮನೆ ಓಡಿದ, ಯಾವ ಕಡೆ ಎಂದಿಲ್ಲ. ಬಿಡುಗಡೆಯಾದವನ ಕಾಲಿಗೆ ಮೊದಲು ಬರುವುದು ಓಟ. ಆ ಸಂತೋಷ ಹೇಳಲು ನನ್ನ ಹತ್ತಿರ ಮಾತಿಲ್ಲ, ಅದನ್ನು ಕಂಡಿದ್ದರೆ ನಾನೂ ಇಲ್ಲಿ ಕುಳಿತಿರುತ್ತಿರಲಿಲ್ಲ.

ಊರಿಗೆ ಬಂದ. ಫಕೀರವ್ವ ಬದುಕಿದ್ದಳು. ಎಂಟು ವರ್ಷ ಅವಳು ಕಂಡವರ ಹೊಲದಲ್ಲಿ ಕಳೆ ತೆಗೆದು, ಸುಟ್ಟ ಮನೆಗೆ ಹೊಸ ಮಾಡು ಹೊದಿಸಿ, ಯಾರ ಹಂಗೂ ಇಲ್ಲದೆ ಬದುಕಿದ್ದಳು. ಹಸಿದಾಗ ಉಂಡಿದ್ದಳು, ನಿದ್ದೆ ಬಂದಾಗ ಮಲಗಿದ್ದಳು. ಗಂಡನನ್ನು ಕಂಡು ಅತ್ತಳು, ಬೈದಳು, ಮೈ ತಿಕ್ಕಿ ಸ್ನಾನ ಮಾಡಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿ ಬಡಿಸಿದಳು. ಬಡಿಸಿ, ಒಳಗಿನ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ನೀನೂ ಬಾ," ಎಂದ ಗಾಳೆಪ್ಪ.

"ನೀ ಉಣ್ಣು. ನಂದು ಆಮ್ಯಾಲ."

"ಆಮ್ಯಾಲ ಅಂದ್ರ ಯಾವಾಗ?"

"ನಿಂದಾಗಿ, ನೀ ಹೂಂ ಅಂದ ಮ್ಯಾಲ."

ನೋಡಿ. ಅವಳು ಹೊಸದೇನೂ ಹೇಳಲಿಲ್ಲ. ಮದುವೆಯಾದ ದಿನದಿಂದ ಹಾಗೇ ನಿಂತವಳು. ಗಾಳೆಪ್ಪ ಗಣಿಗೆ ಹೋಗುವ ಮುಂಚೆ ಹತ್ತು ವರ್ಷ ದಿನವೂ ಉಂಡು, ಕೈತೊಳೆದು, ಬಾಯಿ ಒರೆಸಿಕೊಂಡು, "ಹೂಂ, ಉಣ್ಣಿನ್ನ" ಎಂದವನು. ಅವನು ಅಂದಿದ್ದನ್ನು ಅವನೇ ಯಾವತ್ತೂ ಕೇಳಿಸಿಕೊಂಡಿರಲಿಲ್ಲ. ಈಗ ಕೇಳಿಸಿತು. ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಂತಿತು. ಗಣಿಯಲ್ಲಿ ಒಬ್ಬ ಜಮಾದಾರ ಇದ್ದ. ಈ ಅಡುಗೆಮನೆಗೆ ಜಮಾದಾರ ಯಾರು?

ಎದ್ದ. ತನ್ನ ತಾಟನ್ನು ಅವಳ ಮುಂದೆ ಇಟ್ಟ. ಅವಳ ಎರಡೂ ಭುಜ ಹಿಡಿದು ಕೂಡಿಸಿದ. "ಫಕೀರವ್ವ, ನಲವತ್ತೊಂದು ದಿನ ನಡದ ಬಂದೀನಿ. ಇಲ್ಲಿ ಜಮಾದಾರ ಆಗಾಕ ಬಂದಿಲ್ಲ ನಾ. ಈ ರೊಟ್ಟಿ ಬಡದಾಕಿ ನೀನು. ನಿನಗ ಹೂಂ ಅನ್ನಾಕ ನಾ ಯಾರು?" ಅವಳು ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು, ಜ್ವರ ಇದೆಯೇನೋ ಎಂದು. ಜ್ವರ ಇರಲಿಲ್ಲ. ಆಮೇಲೆ ಒಂದೇ ತಾಟಿನಲ್ಲಿ ಇಬ್ಬರೂ ಉಂಡರು. ಗಾಳೆಪ್ಪ ಸೆರೆಯಿಂದ ಪೂರಾ ಹೊರಗೆ ಬಂದದ್ದು ಹೊಳೆ ದಾಟಿದಾಗ ಅಲ್ಲ, ಆ ಊಟಕ್ಕೆ ಕುಳಿತಾಗ.

ಕಥೆ ಮುಗಿಯಿತು. ಈಗ ನಿಮ್ಮ ಕಡೆ ಬರುತ್ತೇನೆ.

ನಮ್ಮನ್ನು ಯಾರು ಕಟ್ಟಿ ಹಾಕಿದ್ದಾರೆ ಎಂದು ಕೇಳಿದಿರಿ. ಯಾರೂ ಇಲ್ಲ. ಬೊಗಸೆ ತುಂಬ ಇದೆ, ನೀವು ಮುಖ ಮೇಲೆತ್ತಿ ಕುಳಿತಿದ್ದೀರಿ. ಅಣ್ಣನ ಜೊತೆ ಮಾತು ಬಿಟ್ಟು ಆರು ವರ್ಷವಾಯಿತು, ಮಾತಾಡಬೇಕು ಎಂದು ಎದೆ ಹೇಳುತ್ತದೆ, ಆದರೆ ಓಣಿಯವರು ಏನೆಂದಾರು? ಗಂಡ ತೀರಿಕೊಂಡ ಹೆಣ್ಣುಮಗಳಿಗೆ ಮಲ್ಲಿಗೆ ಮುಡಿಯುವ ಆಸೆ, ಅತ್ತೆ ಏನೆಂದಾಳು? ಕೆಳಗಿನ ಕೇರಿಯ ಗೆಳೆಯನ ಮನೆಯಲ್ಲಿ ಉಣ್ಣುವ ಮನಸ್ಸು, ದೈವದವರು, ಊರ ಪಂಚರು ಏನೆಂದಾರು? ಓಣಿಯವರು ನಿಮ್ಮ ನೀರು ಹೊತ್ತಿದ್ದಾರೆಯೇ? ಉಸಿರು ಕೊಟ್ಟವನು ಕೇಳದೆಯೇ ಕೊಟ್ಟಿದ್ದಾನೆ, ಪ್ರೀತಿ ಮಾಡುವ ಎದೆಯನ್ನೂ ಕೊಟ್ಟಿದ್ದಾನೆ. ಆಮೇಲೆ ಯಾರ ಹೂಂ ಬೇಕು? ನಾಳೆ ಬೆಳಿಗ್ಗೆ ಎದ್ದು ಅಣ್ಣನ ಬಾಗಿಲಿಗೆ ಹೋಗಿ. ಯಾರನ್ನೂ ಕೇಳಬೇಡಿ. ಕೇಳಿದರೆ ಬೇಡ ಎನ್ನುವವರೇ ಸಿಗುತ್ತಾರೆ.

ಇದು ಅರ್ಧ ಮಾತು. ಇಷ್ಟಕ್ಕೆ ನೀವು ತಲೆ ಆಡಿಸುತ್ತಿದ್ದೀರಿ, ಯಾಕೆಂದರೆ ನಾವೆಲ್ಲ ಗಾಳೆಪ್ಪನೇ ಎನಿಸಿಕೊಳ್ಳಲು ಇಷ್ಟ. ಇನ್ನರ್ಧ ಕೇಳಿ. ನಿಮ್ಮ ಹೂಂಗಾಗಿ ಯಾರು ನಿಂತಿದ್ದಾರೆ? ಮನೆಯಲ್ಲಿ ಸೊಸೆ ತವರಿಗೆ ಫೋನು ಮಾಡಲು ಯಾರ ಮುಖ ನೋಡುತ್ತಾಳೆ? ಅಂಗಡಿಯ ಕೆಲಸದವನು ಜ್ವರ ಬಂದಾಗ ಕೂರಲು ಯಾರ ಮುಖ ನೋಡುತ್ತಾನೆ? ಇವತ್ತು ಮನೆಗೆ ಹೋದ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ನೋಡಿ. ಯಾರಾದರೂ ನಿಮ್ಮನ್ನು ಕೇಳದೆ ನೀರು ಕುಡಿಯಲಾರದೆ ಇದ್ದರೆ, ಅವರ ತಪ್ಪಲ್ಲ ಅದು. ನೀವು ಅವರಿಗೆ ಮಾಡಿಸಿದ ಅಭ್ಯಾಸ.

ನನ್ನನ್ನು ಬಿಟ್ಟು ನಿಮಗೆ ಹೇಳಿದರೆ ಅದು ಪ್ರವಚನವಾಗುವುದಿಲ್ಲ. ಈ ಮಠದ ಅಡುಗೆಮನೆಯಲ್ಲಿ ಒಂಬತ್ತು ಜನ ತಾಯಂದಿರು ಬೆಳಿಗ್ಗೆಯಿಂದ ಹೊಗೆಯಲ್ಲಿ ಕುಳಿತು ರೊಟ್ಟಿ ಬಡಿದಿದ್ದಾರೆ. ಗಂಡಸರ ಪಂಕ್ತಿ ಎದ್ದು, ಹೆಂಗಸರ ಪಂಕ್ತಿ ಎದ್ದು, ಪಾತ್ರೆ ತೊಳೆದು, ಕೊನೆಗೆ ನಾನು ಒಳಗೆ ಇಣುಕಿ, "ಹೂಂ, ನೀವೂ ಉಣ್ಣಿರಿನ್ನ" ಎನ್ನುವವರೆಗೆ ಅವರು ಬಾಯಿಗೆ ತುತ್ತು ಇಡುವುದಿಲ್ಲ. ಹನ್ನೆರಡು ವರ್ಷದಿಂದ ಹೀಗೆ. ಇದನ್ನು ನಾನು ಭಕ್ತಿ ಎಂದುಕೊಂಡಿದ್ದೆ. ಈ ಕಥೆ ನೆನಪಾದ ಮೇಲೆ ನನಗೆ ನಾಚಿಕೆಯಾಗಿದೆ.

ಇವತ್ತಿನ ಮೊದಲ ಪಂಕ್ತಿ ಅವರದು. ಮುಂದಿನ ಸಾಲಿನ ಸಾಹುಕಾರರೇ, ನೀವು ಸಾರಿನ ಬಕೆಟ್ಟು ಹಿಡಿಯಿರಿ. ನಾನು ರೊಟ್ಟಿಯ ಬುಟ್ಟಿ ಹಿಡಿಯುತ್ತೇನೆ. ಉಳಿದವರು ಗೋಡೆಗೆ ಒರಗಿ ನಿಂತು, ಹಸಿವು ಎಂದರೇನು ಎಂದು ಅರ್ಧ ತಾಸು ತಿಳಿದುಕೊಳ್ಳಿ. ಯಾರೂ ನನ್ನ ಮುಖ ನೋಡಬೇಡಿ, ನಾನು ಏನೂ ಅನ್ನುವುದಿಲ್ಲ. ಎಲೆ ಹಾಕಿ.